ಸ್ಪಷ್ಟನೆ: ಟರ್ಮ್ ಬದಲಿಸಿದರೆ ಕನ್ಸೋಲ್ ಬದಲಾಗಲ್ಲ

‘ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಟರ್ಮ್ ಅನ್ನು ಎಕ್ಸ್‌ಟರ್ಮ್-256ಕಲರ್ ಅಂತ ಮಾಡಿ, ಲಿನಕ್ಸ್ ಕನ್ಸೋಲ್‌ನಲ್ಲಿ 256 ಬಣ್ಣ ಸಿಗುತ್ತೆ’ ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. (ಬ್ಯಾಶ್‌ಆರ್‌ಸಿ ಅಂದರೆ ಕಮಾಂಡ್ ಓದುವ ಬ್ಯಾಶ್ ಪ್ರೋಗ್ರಾಂನ ಸೆಟ್ಟಿಂಗ್ ಫೈಲ್. ಲಿನಕ್ಸ್ ಕನ್ಸೋಲ್ ಅಂದರೆ ವಿಂಡೋಗಳಿಲ್ಲದ, ಬರೀ ಅಕ್ಷರಗಳ ಪರದೆ. ಎಕ್ಸ್‌ಟರ್ಮ್ ಬೇರೆಯೇ ಒಂದು ಟರ್ಮಿನಲ್.)

ಟರ್ಮ್ ಎನ್ನುವುದು ಎದುರಿಗಿರುವ ಟರ್ಮಿನಲ್ (ಕಮಾಂಡ್ ಟೈಪ್ ಮಾಡಿ ಉತ್ತರ ನೋಡುವ ಪರದೆ) ಯಾವುದು ಅಂತ ಪ್ರೋಗ್ರಾಂಗಳಿಗೆ ಹೇಳುವ ಹೆಸರು, ಅಷ್ಟೇ. ಅದರಿಂದ ಟರ್ಮಿನಲ್ ಬದಲಾಗಲ್ಲ. ಲಿನಕ್ಸ್ ಕನ್ಸೋಲ್ ತೋರಿಸುವುದು 16 ಬಣ್ಣ. ಲಾಗಿನ್ ಆಗುವಾಗಲೇ ಟರ್ಮ್‌ಗೆ ‘ಲಿನಕ್ಸ್’ ಎಂಬ ಸರಿಯಾದ ಹೆಸರು ಬಂದಿರುತ್ತದೆ.

ಸುಮ್ನೆ ಬದಲಿಸಿದರೆ ಕೆಲಸ ಕೆಡುತ್ತದೆ. ಎಫ್1 ಒತ್ತಿದರೆ ಈ ಕನ್ಸೋಲ್ ಎಸ್ಕೇಪ್, ಎರಡು ಚೌಕ ಬ್ರಾಕೆಟ್, ಆಮೇಲೆ ‘ಎ’ ಕಳಿಸುತ್ತದೆ. ಎದುರಿಗಿರುವುದು ಎಕ್ಸ್‌ಟರ್ಮ್ ಎಂದು ನಂಬಿದ ಪ್ರೋಗ್ರಾಂ ಎಸ್ಕೇಪ್, ‘ಓ’, ‘ಪಿ’ಗೆ ಕಾಯುತ್ತಿರುತ್ತದೆ. ಸಹಾಯದ ಪುಟ ತೆರೆಯುವ ಬದಲು ಬ್ರಾಕೆಟ್ ಮತ್ತು ‘ಎ’ ಪರದೆ ಮೇಲೆ ಬೀಳಬಹುದು. ಎಫ್5ವರೆಗೂ ಇದೇ ಕಥೆ. ‘ಶೋಕೀ -ಎ’ ಕಮಾಂಡ್ ಕೊಟ್ಟು ಕೀ ಒತ್ತಿ, ನೀವೇ ನೋಡಬಹುದು.

ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಿ 9.0 ಆವೃತ್ತಿಯಿಂದ ಕನ್ಸೋಲ್‌ನ ಡೀಫಾಲ್ಟ್ ಟರ್ಮ್ ಹೆಸರು ಎಕ್ಸ್‌ಟರ್ಮ್ ಆಗಿದೆ, ನಿಜ. ಮೊದಲು ಆ ಹೆಸರು ಕಾನ್ಸ್25 ಆಗಿತ್ತು. ಆದರೆ ಅಲ್ಲಿ ಬದಲಾಗಿದ್ದು ಹೆಸರು ಮಾತ್ರ ಅಲ್ಲ, ಕನ್ಸೋಲೇ ಎಕ್ಸ್‌ಟರ್ಮ್ ಭಾಷೆ ಕಲಿತಿತ್ತು.

ಆ ಸಾಲು ಸೇರಿಸಿದ್ದರೆ ಅಳಿಸಿ, ಮತ್ತೆ ಲಾಗಿನ್ ಆಗಿ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.