‘ವ್ಯರ್ಥ’ ನೀರಿನ ಬಗ್ಗೆ

ನಿನ್ನೆ ಕೋಲಾರದ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು ‘ಪಶ್ಚಿಮ ಘಟ್ಟದ ನೀರು ಸುಮ್ಮನೆ ಸಮುದ್ರಕ್ಕೆ ಹರಿದು ವ್ಯರ್ಥವಾಗುತ್ತಿದೆ’ ಎಂದು ಅರ್ಧ ಗಂಟೆಯಲ್ಲಿ ನಾಲ್ಕು ಬಾರಿ ಹೇಳಿದರು. ನಾಲ್ಕು ಬಾರಿಯೂ ಚಪ್ಪಾಳೆ ಬಿತ್ತು. ಐದನೆಯದಕ್ಕೆ ಕಾಯದೆ ನಾನು ಎದ್ದು ಬಂದೆ.

ವ್ಯರ್ಥವಂತೆ! ಕಳೆದ ವರ್ಷ ಕುಮಟಾ ತಾಲ್ಲೂಕಿನ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ಇಳಿತದ ಹೊತ್ತಿನಲ್ಲಿ ಕೆಸರಿಗಿಳಿದು ಬಳಚು ಎಂಬ ಚಿಪ್ಪುಜೀವಿಗಳನ್ನು ಆರಿಸುತ್ತಿದ್ದ ಹೆಂಗಸರನ್ನು ನಾನು ಕಂಡಿದ್ದೇನೆ. ಅವರ ಬುಟ್ಟಿ ತುಂಬುವುದು ಈ ‘ವ್ಯರ್ಥ’ ನೀರಿನಿಂದಲೇ. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದರೆ ಮಾತ್ರ ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ತಳಿಯ ಭತ್ತ ಮೊಳೆಯುತ್ತದೆ. ಹೊಳೆ ಹೊತ್ತು ತರುವ ಮೆಕ್ಕಲಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬೇರೂರುತ್ತವೆ, ಆ ಬೇರುಗಳ ಮರೆಯಲ್ಲಿ ಮೀನು, ಸಿಗಡಿಗಳ ಮರಿಗಳು ಬೆಳೆಯುತ್ತವೆ. ಹೊಳೆಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಕಟ್ಟದಿರುವುದರಿಂದಲೇ ಇದೆಲ್ಲ ಇಂದಿಗೂ ಉಳಿದಿದೆ. 4,801 ಹೆಕ್ಟೇರಿನ ಆ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಅದೇ ಹೊಳೆಯನ್ನು ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸುವ ಪ್ರಸ್ತಾವವೂ, ಅಳಿವೆಯ ದಡದ ತದಡಿಯಲ್ಲಿ ಬಂದರು ಕಟ್ಟುವ ಹಳೆಯ ಆಸೆಯೂ ಸರ್ಕಾರಿ ಕಡತಗಳಲ್ಲಿ ಜೊತೆಜೊತೆಗೇ ಇವೆ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿಟ್ಟರೆ ಸಾಕೆಂದು ತೋರುತ್ತದೆ.

‘ಹಾಗಾದರೆ ನಮ್ಮ ಮಕ್ಕಳು ಕೊಳವೆಬಾವಿಯ ಫ್ಲೋರೈಡ್ ನೀರನ್ನೇ ಕುಡಿಯಬೇಕೇ?’ ಎಂದು ಕೇಳುತ್ತೀರಿ. ನನ್ನನ್ನು ಕೇಳಬೇಡಿ. ಸಾವಿರದೈನೂರು ಅಡಿ ಕೊರೆಸಿ, ಧೂಳು ಎದ್ದದ್ದನ್ನು ನೋಡುತ್ತ ಹೊಲದಲ್ಲಿ ಕುಕ್ಕರಿಸಿದವನು ನಾನು. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ, ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ ಅಡಿಗಲ್ಲು ಬಿದ್ದಾಗ ಸಿಹಿ ಹಂಚಿದವರಲ್ಲಿ ನಾನೂ ಒಬ್ಬ; ಈ ‘ವ್ಯರ್ಥ’ವೆಂಬ ಘೋಷಣೆಯನ್ನು ಗಂಟಲು ಕಟ್ಟುವಷ್ಟು ಕೂಗಿದವನೂ ಹೌದು. ನಾಚಿಕೆಯಾಗುತ್ತದೆ. ಏಕೆಂದರೆ ಅದೇ ಕಾಲದಲ್ಲಿ ನಮ್ಮದೇ ರಾಜಕಾಲುವೆಗಳ ಮೇಲೆ ಮನೆಗಳೆದ್ದವು, ಕೆರೆಯಂಗಳಗಳು ಹೂಳಿನಿಂದ ತುಂಬಿದವು, ನೀಲಗಿರಿ ತೋಪುಗಳು ಹಬ್ಬಿದವು. ಅದರ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ. ನೆರೆಮನೆಯವರ ತೋಪಲ್ಲವೇ, ಮುಖ ಕೆಡಿಸಿಕೊಳ್ಳುವುದೇಕೆ ಎಂದುಕೊಂಡಿದ್ದೆ.

ಸರಣಿ ಕೆರೆಗಳ ನಾಡಿನವರಾದ ನಮಗೇ ಈ ಪದ ಬಾಯಿಗೆ ಬರುವುದು ನನಗೆ ಸೋಜಿಗ. 2021ರ ನವೆಂಬರಿನ ಮಳೆಗೆ ಕೆರೆಗಳು ಕೋಡಿ ಬಿದ್ದಾಗ ಯಾರಾದರೂ ನೀರು ವ್ಯರ್ಥವಾಯಿತೆಂದು ಅತ್ತರೇ? ಬಾಗಿನ ಬಿಟ್ಟೆವು, ಕೆಳಗಿನ ಕೆರೆಗೆ ನೀರು ಬಂತೆಂದು ತಮಟೆ ಬಾರಿಸಿದೆವು. ಮೇಲಿನ ಊರಿನವರು ಕೋಡಿಗೆ ಮರಳಿನ ಮೂಟೆ ಅಡ್ಡ ಇಟ್ಟಿದ್ದರೆ ಕೋಲು ಹಿಡಿದು ಹೋಗುತ್ತಿದ್ದೆವು. ನಮ್ಮಪ್ಪನ ಕಾಲದಲ್ಲಿ ಹೋಗಿಯೂ ಇದ್ದರು. ಅಘನಾಶಿನಿಯ ಆ ಹೆಂಗಸರೂ ನಮ್ಮ ಕೆಳಗಿನ ಊರಿನವರೇ, ಅವರ ಕೈಯಲ್ಲಿ ಸದ್ಯಕ್ಕೆ ಬಳಚಿನ ಬುಟ್ಟಿಯಷ್ಟೇ ಇದೆ.