ತಲೆ ಮೇಲಿನ ಹರಿಗೋಲು, ಬೆನ್ನ ಮೇಲಿನ ರಾಫ್ಟು

ಆನೆಗೊಂದಿ ಹತ್ತಿರ ತುಂಗಭದ್ರೆಯ ದಂಡೆಯಲ್ಲಿ ಬೆಳೆದವನು ನಾನು. ಬೆಳಗಿನ ಹೊತ್ತು ಮೀನು ಹಿಡಿಯುವವರು ಹರಿಗೋಲನ್ನು ಬೋರಲು ಮಾಡಿ, ತಲೆ ಮೇಲೆ ಹೊತ್ತು, ಹೊಳೆಯ ಮೇಲ್ಗಡೆಗೆ ನಡೆದು ಹೋಗುತ್ತಿದ್ದರು. ದೂರದಿಂದ ದೊಡ್ಡ ಬುಟ್ಟಿಗೆ ಕಾಲು ಬಂದ ಹಾಗೆ ಕಾಣುತ್ತಿತ್ತು. ಮೇಲೆ ಹೋಗಿ ನೀರಿಗಿಳಿಸಿ, ಬಲೆ ಬಿಡುತ್ತಾ ಹೊಳೆಯ ಜೊತೆ ಕೆಳಗೆ ಬರುತ್ತಿದ್ದರು.

ಈಗ 11 ವರ್ಷದಿಂದ ಅಲಾಸ್ಕಾದ ಆಂಕರೇಜ್‌ನಲ್ಲಿದ್ದೇನೆ. ಇಲ್ಲಿಯೂ ಬೇಟೆಗೆ, ಮೀನಿಗೆ ಹೋಗುವವರು ದೋಣಿ ಹೊತ್ತೇ ನಡೆಯುತ್ತಾರೆ. ಬಿದಿರಿನ ಬದಲು ಗಾಳಿ, ತೊಗಲಿನ ಬದಲು ನೈಲಾನ್, ಅಷ್ಟೇ. ಪ್ಯಾಕ್‌ರಾಫ್ಟ್ ಅನ್ನುತ್ತಾರೆ. ಒಬ್ಬರು ಕೂರುವ ರಾಫ್ಟು ಸುಮಾರು 3 ಕೆಜಿ ತೂಗುತ್ತದೆ. ಸುತ್ತಿದರೆ ಬ್ಯಾಗಿನೊಳಗೆ ಹೋಗುತ್ತದೆ. ಹುಟ್ಟು ನಾಲ್ಕು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಗಾಳಿ ತುಂಬಲು ಪಂಪು ಸಹ ಬೇಕಿಲ್ಲ. ಹಗುರವಾದ ಒಂದು ಚೀಲವಿರುತ್ತದೆ. ಅದನ್ನು ಗಾಳಿಗೆ ಹಿಡಿದು, ಚೀಲದ ಬಾಯಿ ಮುಚ್ಚಿ, ಅಮುಕಿ ಅಮುಕಿ ರಾಫ್ಟಿಗೆ ತುಂಬುವುದು. ಕೊನೆಗೆ ಬಾಯಿಂದ ಊದಿ ಬಿಗಿ ಮಾಡುವುದು.

ನೀರಿಗಿಟ್ಟ ಐದು ನಿಮಿಷಕ್ಕೆ ಅದು ಮತ್ತೆ ಮೆತ್ತಗಾಗುತ್ತದೆ. ಮೊದಲ ಸಲ ತೂತು ಬಿದ್ದಿದೆ ಅಂತ ಹೆದರಿದ್ದೆ. ತೂತಲ್ಲ, ಹಿಮದ ನೀರಿನ ತಂಪಿಗೆ ಒಳಗಿನ ಗಾಳಿ ಕುಗ್ಗುತ್ತದೆ. ಇನ್ನೊಮ್ಮೆ ಊದಬೇಕು. ಅದೇ ರಾಫ್ಟನ್ನು ಬಿಸಿಲಲ್ಲಿ ಮರಳ ಮೇಲೆ ಬಿಟ್ಟರೆ ಉಬ್ಬುತ್ತದೆ. ಆಗ ಸ್ವಲ್ಪ ಗಾಳಿ ಬಿಡಬೇಕು.

ಇದರ ಕಥೆ ಇಲ್ಲಿನವರಿಗೆ ಬಹಳ ಪ್ರೀತಿ. 1982ರಲ್ಲಿ ಇಲ್ಲಿನ ಕೀನಾಯ್ ಪರ್ಯಾಯ ದ್ವೀಪದಲ್ಲಿ ಹೋಪ್‌ನಿಂದ ಹೋಮರ್ ತನಕ ಕಾಡಲ್ಲೇ ದಾಟುವ ಓಟ ನಡೆಯಿತು. ಐವತ್ತು ದಾಟಿದ ಡಿಕ್ ಗ್ರಿಫಿತ್, ಹೊಳೆ ದಂಡೆಯಲ್ಲಿ ಬ್ಯಾಗಿನಿಂದ ಸಣ್ಣ ಗಾಳಿ ದೋಣಿ ತೆಗೆದು ಊದಿದರಂತೆ. ಓಟಕ್ಕೆ ಬಂದ ಹುಡುಗರು ನೋಡುತ್ತಾ ನಿಂತರಂತೆ. ಆಮೇಲೆ ಶೆರಿ ಟಿಂಗಿ ಎನ್ನುವ ತಾಯಿ, ಉತ್ತರ ಅಲಾಸ್ಕಾದ ಬ್ರೂಕ್ಸ್ ಬೆಟ್ಟಸಾಲು ತಿರುಗಿ ಬಂದ ಮಗನಿಗಾಗಿ ಗಟ್ಟಿಯಾದ ರಾಫ್ಟು ಹೊಲಿದುಕೊಟ್ಟರು. ಅಲ್ಪಾಕಾ ರಾಫ್ಟ್ ಕಂಪನಿ ಶುರುವಾಗಿದ್ದು ಹಾಗೆ.

ನಮ್ಮದು ಅದಕ್ಕಿಂತ ಎಷ್ಟು ಹಳೆಯದು ಅಂತ ಇಲ್ಲಿನ ಗೆಳೆಯರಿಗೆ ಹೇಳುತ್ತಿರುತ್ತೇನೆ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ ಪಯಣಿಗ ಪಾಯಸ್, ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, 15–20 ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಾರೆ ಎಂದಿದ್ದಾನೆ.

ಆದರೆ ಒಂದು ವ್ಯತ್ಯಾಸವಿದೆ. ನನಗೆ ಅದೇ ದೊಡ್ಡದು. ನಮ್ಮೂರಲ್ಲಿ ಹರಿಗೋಲಿನ ಜೊತೆ ಅಂಬಿಗ ಬರುತ್ತಾನೆ. ಯಾವ ಬಂಡೆ ಎಷ್ಟು ನೀರಿಗೆ ಮುಳುಗುತ್ತದೆ, ಡ್ಯಾಮಿನಿಂದ ನೀರು ಬಿಟ್ಟರೆ ಸೆಳವು ಎಲ್ಲಿ ತಿರುಗುತ್ತದೆ, ಎಲ್ಲಾ ಅವನಿಗೆ ಗೊತ್ತು. ನಾವು ಸುಮ್ನೆ ಕೂತರೆ ಸಾಕು. ಇಲ್ಲಿ ಅಂಗಡಿಯಲ್ಲಿ ರಾಫ್ಟು ಸಿಗುತ್ತದೆ, ಅಂಬಿಗ ಸಿಗುವುದಿಲ್ಲ. ಹೊಳೆ ಓದುವುದನ್ನು ನಾವೇ ಕಲಿಯಬೇಕು. ಹಿಮನದಿಯಿಂದ ಬರುವ ನೀರು ಬೂದಿ ಕಲಸಿದ ಹಾಗಿರುತ್ತದೆ, ಕಲ್ಲು ಕಾಣುವುದಿಲ್ಲ. ಹಗಲೆಲ್ಲ ಮಂಜು ಕರಗಿ ಸಂಜೆಗೆ ನೀರು ಏರುತ್ತದೆ. ಬೆಳಿಗ್ಗೆ ಮೊಣಕಾಲುದ್ದ ಇದ್ದದ್ದು ಸಂಜೆ ಸೊಂಟಕ್ಕೆ ಬಂದಿರಬಹುದು.

ನನಗೆ ಇದನ್ನು ಕಲಿಸಿದ್ದು ಒಂದು ಬಿದ್ದ ಮರ. ಎರಡನೇ ವರ್ಷ, ಸಣ್ಣ ಹೊಳೆ, ತಿರುವು ದಾಟಿದರೆ ನೀರಿಗಡ್ಡವಾಗಿ ಒಂದು ಸ್ಪ್ರೂಸ್ ಮರ. ರಾಫ್ಟು ಅದಕ್ಕೆ ತಾಗಿತು. ಮೇಲ್ಗಡೆಯ ಅಂಚಿನ ಮೇಲೆ ನೀರು ಹತ್ತಿತು, ಮಗುಚಿತು. ಉಸಿರು ಸಿಕ್ಕಿಹಾಕಿಕೊಂಡ ಆ ಮೊದಲ ನಿಮಿಷ ಇವತ್ತೂ ನೆನಪಿದೆ. ತಣ್ಣೀರಿಗೆ ಬಿದ್ದರೆ ಮೈ ತಾನಾಗೇ ಜೋರಾಗಿ ಉಸಿರೆಳೆಯುತ್ತದೆ. ಆಗ ಬಾಯಿ ನೀರೊಳಗಿದ್ದರೆ ಮುಗಿಯಿತು. ಲೈಫ್ ಜಾಕೆಟ್ ಇತ್ತು, ಒಳಗೆ ನೀರು ಬಿಡದ ಡ್ರೈಸೂಟ್ ಇತ್ತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಫೋನಲ್ಲಿ ಅಮ್ಮ, "ಊದಿದ ಚೀಲದಾಗ ಕೂತು ಹೊಳಿ ದಾಟ್ತಿಯಲ್ಲಪ್ಪಾ, ಹರಿದ್ರೆ ಏನ್ ಮಾಡ್ತಿ?" ಅಂದರು. ಹರಿಯುವುದು ದೊಡ್ಡ ವಿಷಯವಲ್ಲಮ್ಮ, ಟೇಪು ಹಚ್ಚಬಹುದು, ಮಗುಚುವುದೇ ದೊಡ್ಡದು ಅಂದೆ. ಅಮ್ಮನಿಗೆ ಸಮಾಧಾನವಾಗಲಿಲ್ಲ.

ಬೇಟೆಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅಂದರೆ ಅಪರಾಧ. ಅದು ಸರಿಯೇ, ನಮ್ಮ ಕಾಡಿಗೆ ಅದು ಬೇಕಿತ್ತು. ಇಲ್ಲಿ ಲೈಸೆನ್ಸ್ ಪಡೆದು, ಕಾಲ ನೋಡಿ, ಲೆಕ್ಕ ಕೊಟ್ಟು ಮಾಡುವ ಕೆಲಸ. ಚಳಿಗಾಲಕ್ಕೆ ಮನೆಯ ಫ್ರೀಜರ್ ತುಂಬುವ ಕೆಲಸವೂ ಹೌದು. ನಾನು ಕೋವಿ ಹಿಡಿಯುವುದಿಲ್ಲ. ಮೀನು ಹಿಡಿಯುತ್ತೇನೆ, ಗೆಳೆಯರ ಜೊತೆ ಮಾಂಸ ಹೊರುತ್ತೇನೆ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿದ ಕೈಗೆ ಗಾಳ ಹಿಡಿಯುವುದು ಮೊದಲು ಕಷ್ಟವಾಗಿತ್ತು. ಈಗ ಮನೆಗೆ ಬೇಕಾದಷ್ಟು ಹಿಡಿದು ನಿಲ್ಲಿಸುತ್ತೇನೆ.

ಇಲ್ಲಿನ ಒಂದು ಕಾನೂನು ನನಗೆ ತುಂಬಾ ಹಿಡಿಸಿತು. ತಿನ್ನಲು ಬರುವ ಮಾಂಸವನ್ನು ಕಾಡಲ್ಲಿ ಬಿಟ್ಟು ಬರುವಂತಿಲ್ಲ. ಮಾಂಸಕ್ಕಿಂತ ಮೊದಲು ಕೊಂಬು ಹೊರಗೆ ತರುವಂತಿಲ್ಲ. ಇಲ್ಲೇ ರಾಫ್ಟಿನ ಲೆಕ್ಕ ಶುರುವಾಗುವುದು. ಕ್ಯಾರಿಬೂ ಎನ್ನುವ ಇಲ್ಲಿನ ಜಿಂಕೆ ಒಂದರಿಂದ ಮೂಳೆ ತೆಗೆದ ಮಾಂಸ 50 ಕೆಜಿ ಸುಮಾರು. ಒಂದು ರಾಫ್ಟು, ಒಬ್ಬ ಮನುಷ್ಯ, ಹೇಗೋ ಆಗುತ್ತದೆ. ಮೂಸ್ ಹಾಗಲ್ಲ. ಜಿಂಕೆ ಜಾತಿಯಲ್ಲೇ ಎಲ್ಲಕ್ಕಿಂತ ದೊಡ್ಡ ಪ್ರಾಣಿ. ದೊಡ್ಡ ಗಂಡು ಮೂಸ್ 700 ಕೆಜಿ ದಾಟುತ್ತದೆ, ಮಾಂಸವೇ 225 ಕೆಜಿ ಸಿಗಬಹುದು. ಒಬ್ಬರ ರಾಫ್ಟಿನಲ್ಲಿ ಅದರ ಜೊತೆ ನಾವೂ ಕೂರುವ ಮಾತೇ ಇಲ್ಲ. ದೊಡ್ಡ ರಾಫ್ಟುಗಳು ಬೇಕು, ಜನ ಬೇಕು. ಮಾಂಸ ಒದ್ದೆಯಾಗಬಾರದು, ತಣ್ಣಗಿರಬೇಕು, ಗಾಳಿಯಾಡಬೇಕು. ಕೊಂಬಿನ ಮೊನೆ ರಾಫ್ಟಿಗೆ ಚುಚ್ಚದ ಹಾಗೆ ಸುತ್ತಬೇಕು.

ರಾಫ್ಟು ಹಗುರ, ಹಾಗಾಗಿ ಎಷ್ಟು ದೂರವಾದರೂ ಹೋಗಬಹುದು ಅಂತ ತುಂಬಾ ಜನ ತಿಳಿದಿದ್ದಾರೆ. ನನ್ನ ಅನಿಸಿಕೆ ಅದಕ್ಕೆ ಉಲ್ಟಾ. ರಾಫ್ಟು ತೇಲಿಸುವುದು ಹೊಳೆಯಿಂದ ರಸ್ತೆಗೆ ಮಾತ್ರ. ಪ್ರಾಣಿ ಬಿದ್ದ ಜಾಗದಿಂದ ಹೊಳೆಯ ತನಕ ಹೊರುವುದು ಬೆನ್ನೇ. ಕೋವಿ ಎತ್ತುವ ಮೊದಲು ಆ ದೂರ ಅಳೆಯಬೇಕು.

ಮೊನ್ನೆ ಸೆಪ್ಟೆಂಬರ್‌ನಲ್ಲಿ ನಾವು ಮೂವರು ಎರಡು ದಿನ ನಡೆದು ಹೋಗಿದ್ದೆವು. ಸಂಜೆ ದಿಬ್ಬದಾಚೆ ಒಳ್ಳೆಯ ಗಂಡು ಮೂಸ್ ಕಂಡಿತು. ಹೊಳೆ ಅಲ್ಲಿಂದ ಐದು ಕಿಲೋಮೀಟರ್, ನಡುವೆ ಎದೆಮಟ್ಟದ ಪೊದೆ, ಜೌಗು. ಗೆಳೆಯ ಇಲ್ಲೇ ಹುಟ್ಟಿ ಬೆಳೆದವನು. ತುಂಬಾ ಹೊತ್ತು ದುರ್ಬೀನಿನಲ್ಲಿ ನೋಡಿದ. ಆಮೇಲೆ ನಮ್ಮಿಬ್ಬರ ಬೆನ್ನು ನೋಡಿ, "ಇದು ನಮ್ಮದಲ್ಲ" ಅಂದ. ಕೋವಿ ಎತ್ತಲಿಲ್ಲ. ಮಾರನೇ ದಿನ ಸ್ವಚ್ಛ ನೀರಿನ ಕವಲಲ್ಲಿ ಗ್ರೇಲಿಂಗ್ ಹಿಡಿದೆವು. ಬೆನ್ನ ಮೇಲೆ ಹಾಯಿಯಂಥ ರೆಕ್ಕೆ ಇರುವ ಚೆಂದದ ಮೀನು ಅದು. ನಾನು ರಾಫ್ಟಿನಲ್ಲಿ ಕೂತು ಗಾಳ ಹಾಕುವುದಿಲ್ಲ. ಸ್ವಲ್ಪ ಗಾಳಿ ಬೀಸಿದರೂ ಎಲೆಯ ಹಾಗೆ ತಿರುಗುತ್ತದೆ, ಕೊಕ್ಕೆ ಬೇರೆ ಹತ್ತಿರದಲ್ಲೇ. ನಡುಗಡ್ಡೆಗೆ ಹೋಗಲಷ್ಟೇ ರಾಫ್ಟು, ಗಾಳ ಹಾಕುವುದು ನಿಂತುಕೊಂಡು.

ಆಂಕರೇಜ್‌ಗೆ ಹೊಸದಾಗಿ ಬಂದ ಎರಡು ಕನ್ನಡ ಕುಟುಂಬಗಳು ಈ ವರ್ಷ ರಾಫ್ಟು ಕೊಂಡಿವೆ. ನೇರ ಹೊಳೆಗೆ ಹೋಗೋಣ ಅನ್ನುತ್ತಿದ್ದರು. ಬೇಡ ಅಂದೆ. ಜೂನ್ ಮೊದಲ ಶನಿವಾರ ಕೆರೆಗೆ ಹೋಗುತ್ತೇವೆ, ದಂಡೆಯ ಹತ್ತಿರವೇ. ಜಾಕೆಟ್ ಹಾಕಿಕೊಂಡು ಬೇಕಂತಲೇ ಮಗುಚಿ ಬೀಳುವುದು, ಮತ್ತೆ ಹತ್ತುವುದು, ಎಲ್ಲರಿಗೂ ಬರುವ ತನಕ. ಗಾಳ, ಹುರಿ ಯಾವುದೂ ತರಬೇಡಿ, ಬುತ್ತಿ ಮಾತ್ರ ಜಾಸ್ತಿ ತನ್ನಿ ಅಂತ ಹೇಳಿದ್ದೇನೆ.