ಶಂಭುನಾಥ್ ಡೇ ಅವರ ಎಚ್-ಇಂಡೆಕ್ಸ್ ಎಷ್ಟಿತ್ತು?

ಸಂಶೋಧನಾ ಪೇಪರ್‌ಗಳನ್ನು ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ವಿಜ್ಞಾನಿಯೊಬ್ಬರ ಪುಟ ತೆರೆದರೆ ಪಕ್ಕದಲ್ಲೇ ಒಂದು ಚಿಕ್ಕ ಪಟ್ಟಿ ಕಾಣುತ್ತದೆ. ಒಟ್ಟು ಸೈಟೇಶನ್ (ಅವರ ಪೇಪರ್‌ಗಳನ್ನು ಬೇರೆ ಪೇಪರ್‌ಗಳು ಎಷ್ಟು ಸಲ ಉಲ್ಲೇಖಿಸಿವೆ ಎಂಬ ಲೆಕ್ಕ), ಎಚ್-ಇಂಡೆಕ್ಸ್, ಐ-10 ಇಂಡೆಕ್ಸ್ (10 ಸಲವಾದರೂ ಉಲ್ಲೇಖವಾದ ಪೇಪರ್‌ಗಳು ಎಷ್ಟು ಎಂಬುದು). ಎಚ್-ಇಂಡೆಕ್ಸ್ 20 ಅಂದರೆ ಅವರ 20 ಪೇಪರ್‌ಗಳನ್ನು ಬೇರೆಯವರು ತಲಾ 20 ಸಲವಾದರೂ ಉಲ್ಲೇಖಿಸಿದ್ದಾರೆ ಅಂತ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಕೊಟ್ಟ ಲೆಕ್ಕ ಇದು. ಇವತ್ತು ಕೆಲಸ, ಬಡ್ತಿ, ಅನುದಾನ, ಎಲ್ಲದಕ್ಕೂ ಈ ಅಂಕಿ ಬೇಕು. ಪೇಪರಿನಲ್ಲಿ ಏನಿದೆ ಎಂದು ಓದಿ ನೋಡುವವರು ತೀರಾ ಕಮ್ಮಿ.

ಈ ಮಾತು ಬಂದಾಗೆಲ್ಲ ನನಗೆ ಕಾಲರಾ ವಿಷವನ್ನು ಪತ್ತೆ ಮಾಡಿದ ಕಲ್ಕತ್ತದ ಡಾ. ಶಂಭುನಾಥ್ ಡೇ ನೆನಪಾಗುತ್ತಾರೆ.

ಕಾಲರಾ ರೋಗಾಣು ಯಾವುದೋ ವಿಷ ಬಿಡುತ್ತಿರಬೇಕು ಎಂದು ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ 1884ರಲ್ಲೇ ಹೇಳಿದ್ದರು. 75 ವರ್ಷ ಕಳೆದರೂ ಅದು ಕೈಗೆ ಸಿಕ್ಕಿರಲಿಲ್ಲ. ಡೇ ನೇರವಾಗಿ ಕರುಳಿಗೇ ಕೈ ಹಾಕಿದರು. ಮೊಲದ ಸಣ್ಣ ಕರುಳಿನ ಒಂದು ಭಾಗಕ್ಕೆ ಎರಡೂ ಕಡೆ ದಾರ ಬಿಗಿದು, ನಡುವೆ ರೋಗಾಣು ಬಿಟ್ಟರು. ಮಾರನೇ ದಿನ ನೋಡಿದರೆ ಅಷ್ಟು ಭಾಗ ಮಾತ್ರ ನೀರು ತುಂಬಿ ಊದಿಕೊಂಡಿತ್ತು. ಕಾಲರಾ ಬಂದವರಿಗೆ ಅಕ್ಕಚ್ಚಿನಂತೆ ಭೇದಿ ಆಗುತ್ತದಲ್ಲ, ಅದು ಎಲ್ಲಿಂದ ಬರುತ್ತದೆ ಎಂಬುದು ಕಣ್ಣೆದುರೇ ಇತ್ತು. ಇದು 1953ರ ಮಾತು. ಆಮೇಲೆ ರೋಗಾಣು ಬೆಳೆಸಿದ ದ್ರವವನ್ನು, ಒಂದೂ ರೋಗಾಣು ಉಳಿಯದ ಹಾಗೆ ಸೋಸಿ, ಬರೀ ಆ ನೀರನ್ನು ಬಿಟ್ಟರು. ಆಗಲೂ ಕರುಳು ಊದಿತು. ಅಲ್ಲಿಗೆ ವಿಷ ಇರುವುದು ಖಾತ್ರಿಯಾಯಿತು. 1959ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪೇಪರ್ ಎರಡೇ ಪುಟದಲ್ಲಿ ಮುಗಿಯುತ್ತದೆ. ಲೇಖಕರ ಜಾಗದಲ್ಲಿ ಒಂದೇ ಹೆಸರು.

ಶುರುವಿನಲ್ಲಿ ಅದಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ. 1969ರಲ್ಲಿ ಅಮೆರಿಕದಲ್ಲಿ ಆ ವಿಷವನ್ನು ಶುದ್ಧವಾಗಿ ಬೇರ್ಪಡಿಸಿದರು. ಕಾಲರಾ ಸಂಶೋಧನೆಯ ದಿಕ್ಕೇ ಬದಲಾಯಿತು. ಡೇ ಮಾತ್ರ 1973ರಲ್ಲಿ ಸುಮ್ಮನೆ ನಿವೃತ್ತರಾದರು. 1978ರಲ್ಲಿ ನೊಬೆಲ್ ಫೌಂಡೇಶನ್ ಕಾಲರಾ ಕುರಿತ ವಿಚಾರ ಸಂಕಿರಣಕ್ಕೆ ಅವರನ್ನು ಸ್ಟಾಕ್‌ಹೋಮ್‌ಗೆ ಕರೆಸಿತು. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ನೊಬೆಲ್‌ಗೇ ಅವರ ಹೆಸರು ಸೂಚಿಸಿದ್ದರು. ನಮ್ಮ ದೇಶದ ಒಂದು ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಮಾಡಲಿಲ್ಲ. ದೊಡ್ಡ ಪ್ರಶಸ್ತಿಯೂ ಬರಲಿಲ್ಲ. 1985ರಲ್ಲಿ ತೀರಿಕೊಂಡರು. ಇದನ್ನು ಯೋಚಿಸಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ ಸೈಟೇಶನ್ನೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 1986ರಲ್ಲಿ ಡೇ ಅವರ ಕೆಲಸದ ಬಗ್ಗೆ ವಿವರವಾಗಿ ಬರೆದವರು ಯಾರು ಗೊತ್ತಾ? ಯಾವ ಪೇಪರನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ಪಟ್ಟಿ ಮಾಡುವ ಸೈಟೇಶನ್ ಇಂಡೆಕ್ಸ್ ಶುರು ಮಾಡಿದ ಯೂಜೀನ್ ಗಾರ್‌ಫೀಲ್ಡ್! ಕಾಲರಾ ಪೇಪರ್‌ಗಳಲ್ಲಿ ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಎಂಬ ಜಾಡು ಹಿಡಿದು ಅವರು ಡೇ ಪ್ರಭಾವ ಎಷ್ಟಿದೆ ಎಂದು ತೋರಿಸಿದರು. 1990ರಲ್ಲಿ ನಮ್ಮ ಬೆಂಗಳೂರಿನಿಂದ ಬರುವ ವಿಜ್ಞಾನ ಪತ್ರಿಕೆ ‘ಕರೆಂಟ್ ಸೈನ್ಸ್’ ಡೇ ಅವರಿಗಾಗಿಯೇ ವಿಶೇಷ ಸಂಚಿಕೆ ತಂದಿತು. ಸೈಟೇಶನ್ ಒಳ್ಳೆಯ ಕೆಲಸ ಎಲ್ಲಿದೆ ಎಂದು ದಾರಿ ತೋರಿಸುತ್ತದೆ. ಅಲ್ಲಿಗೆ ಹೋಗಿ ಓದಬೇಕಾದವರು ನಾವು.

ಬರೀ ಅಂಕಿ ನಂಬಿದರೆ ಇನ್ನೊಂದು ತೊಂದರೆ ಇದೆ. ಪ್ರೋಟೀನ್ ಅಳೆಯುವ ವಿಧಾನದ ಬಗ್ಗೆ ಆಲಿವರ್ ಲೌರಿ ತಂಡ 1951ರಲ್ಲಿ ಬರೆದ ಪೇಪರಿಗೆ 3 ಲಕ್ಷಕ್ಕೂ ಜಾಸ್ತಿ ಸೈಟೇಶನ್ ಇವೆ. ಲ್ಯಾಬಿನಲ್ಲಿ ದಿನಾ ಬೇಕಾಗುವ ವಿಧಾನ, ಬಳಸಿದವರೆಲ್ಲ ಉಲ್ಲೇಖಿಸಿದರು. ಉಪಯುಕ್ತ ಕೆಲಸವೇ, ಸಂಶಯ ಇಲ್ಲ. ಆದರೆ ಅದನ್ನೂ ಡೇ ಅವರ ಎರಡು ಪುಟವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಏನು ತಿಳಿಯುತ್ತದೆ?

ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಬಡ್ತಿಗೆ ಪೇಪರ್ ಕಡ್ಡಾಯ. ಬೆಳಗ್ಗೆಯಿಂದ ಒಪಿಡಿಯಲ್ಲಿ ರೋಗಿಗಳನ್ನು ನೋಡಿ, ಸಂಜೆ ಪಾಠ ಮಾಡಿ ಬಂದ ಡಾಕ್ಟರ್ ಸಂಖ್ಯೆ ತುಂಬಿಸಲು ಕೂರಬೇಕು. ಒಂದು ಪ್ರಶ್ನೆ ಹಿಡಿದು ಡೇ ಅವರ ಹಾಗೆ ವರ್ಷಗಟ್ಟಲೆ ಕೂರಲು ಅವರಿಗೆ ಯಾರು ಬಿಡುತ್ತಾರೆ?

ಆಯ್ಕೆ ಸಮಿತಿಗಳಲ್ಲಿ ಕೂರುವ ಕೆಲವರು ಇಲ್ಲಿ ನನ್ನ ಸ್ನೇಹಿತರಾಗಿದ್ದೀರಿ. ನಿಮಗೊಂದು ಕೋರಿಕೆ. ಮುಂದಿನ ಸಲ ಅಭ್ಯರ್ಥಿಗಳಿಂದ ಅವರಿಗೇ ಅತ್ಯುತ್ತಮ ಅನಿಸಿದ ಒಂದು ಪೇಪರ್ ತರಿಸಿಕೊಳ್ಳಿ. ಸಂದರ್ಶನಕ್ಕೆ ಮೊದಲೇ ಪೂರ್ತಿ ಓದಿ. ಏನು ಮಾಡಿದಿರಿ, ಯಾಕೆ ಹಾಗೆ ಮಾಡಿದಿರಿ ಎಂದು ಅರ್ಧ ಗಂಟೆ ಅದರ ಬಗ್ಗೆಯೇ ಕೇಳಿ.